ಊರು ಕೇಳಿಸುವ ದಾರಿ: ಹಳ್ಳಿಯವರ ಜೊತೆ ಸೇರಿ ಸದ್ದಿನ ನಡಿಗೆ ಕಟ್ಟುವುದು ಹೇಗೆ?

ನಮ್ಮಂಥ ಕಾಲೇಜುಗಳಿಂದ ಪ್ರತಿ ವರ್ಷ ಎನ್‌ಎಸ್‌ಎಸ್ ಶಿಬಿರ ಅಂತ ಏಳು ದಿನ ಯಾವುದಾದರೂ ಹಳ್ಳಿಗೆ ಹೋಗ್ತೀವಿ. ಚರಂಡಿ ಸ್ವಚ್ಛ ಮಾಡ್ತೀವಿ, ಸಸಿ ನೆಡ್ತೀವಿ, ಬೀದಿ ನಾಟಕ ಆಡ್ತೀವಿ, ಕೊನೆಯ ದಿನ ಗ್ರೂಪ್ ಫೋಟೋ ತೆಗೆದುಕೊಂಡು ಬಸ್ ಹತ್ತುತ್ತೀವಿ. ಫೋನಿನಲ್ಲಿ ನೂರಾರು ಫೋಟೋ ಇರುತ್ತವೆ. ಆದರೆ ಆ ಊರು ಹೇಗೆ ಕೇಳಿಸುತ್ತಿತ್ತು ಅಂತ ಯಾರಾದರೂ ಕೇಳಿದರೆ ನಮ್ಮ ಹತ್ತಿರ ಉತ್ತರ ಇರಲ್ಲ. ಏಳು ದಿನ ಇದ್ದು ನೋಡಿದ್ದೀವಿ, ಕೇಳಿಲ್ಲ.

ಈ ಲೇಖನ ಆ ಕೇಳುವ ಕೆಲಸದ ಬಗ್ಗೆ. ಇಂಗ್ಲಿಷಿನಲ್ಲಿ ಇದಕ್ಕೆ ಸೌಂಡ್‌ವಾಕ್ ಅಂತಾರೆ. ನಾವು ಸದ್ದಿನ ನಡಿಗೆ ಅನ್ನೋಣ. ಇದರಲ್ಲಿ ಎರಡು ಬಗೆ ಇದೆ. ಮೊದಲನೆಯದು ತೀರಾ ಸರಳ: ಒಂದಷ್ಟು ಜನ ಮಾತಾಡದೆ, ಕಿವಿ ತೆರೆದುಕೊಂಡು, ನಿಧಾನಕ್ಕೆ ಒಂದು ದಾರಿಯಲ್ಲಿ ನಡೆಯುವುದು. ಎರಡನೆಯದರಲ್ಲಿ ಸ್ವಲ್ಪ ಎಂಜಿನಿಯರಿಂಗ್ ಇದೆ: ಊರಿನ ಸದ್ದು, ಮಾತು, ನೆನಪುಗಳನ್ನು ರೆಕಾರ್ಡ್ ಮಾಡಿ ಒಂದೊಂದನ್ನೂ ಒಂದೊಂದು ಜಾಗಕ್ಕೆ ಅಂಟಿಸುವುದು. ಕೇಳುಗ ಫೋನ್ ಹಿಡಿದು ಆ ಜಾಗಕ್ಕೆ ಬಂದಾಗ ಜಿಪಿಎಸ್ ನೋಡಿ ಆ ಸದ್ದು ತಾನಾಗಿ ಶುರುವಾಗುತ್ತದೆ.

ಎರಡನ್ನೂ ನಾವು ಮಾಡಬಹುದು. ಖರ್ಚು ಕಡಿಮೆ, ಬೇಕಾದ ಸಾಧನ ಹೆಚ್ಚುಕಮ್ಮಿ ನಮ್ಮ ಜೇಬಿನಲ್ಲೇ ಇದೆ. ಕಷ್ಟದ ಭಾಗ ಬೇರೆ ಇದೆ. ಯಾವ ಸದ್ದು ಮುಖ್ಯ ಅಂತ ತೀರ್ಮಾನಿಸುವವರು ಯಾರು, ನಾವೋ ಅಥವಾ ಊರಿನವರೋ? ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಐದು ಹಳ್ಳಿಗಳ ಕಥೆ

1960ರ ದಶಕದ ಕೊನೆಯಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಆರ್. ಮರ್ರಿ ಶೇಫರ್ ಎಂಬ ಸಂಗೀತ ಸಂಯೋಜಕರು ವರ್ಲ್ಡ್ ಸೌಂಡ್‌ಸ್ಕೇಪ್ ಪ್ರಾಜೆಕ್ಟ್ ಎಂಬ ತಂಡ ಕಟ್ಟಿದರು. ಲ್ಯಾಂಡ್‌ಸ್ಕೇಪ್ ಅಂದರೆ ಕಣ್ಣಿಗೆ ಕಾಣುವ ನೋಟವಾದರೆ, ಸೌಂಡ್‌ಸ್ಕೇಪ್ ಅಂದರೆ ಒಂದು ಜಾಗದಲ್ಲಿ ಕಿವಿಗೆ ಬೀಳುವ ಎಲ್ಲದರ ಒಟ್ಟು ಚಿತ್ರ. ಅದೇ ತಂಡದಲ್ಲಿದ್ದ ಹಿಲ್ಡೆಗಾರ್ಡ್ ವೆಸ್ಟರ್‌ಕಾಂಪ್ 1974ರಲ್ಲಿ ಸದ್ದಿನ ನಡಿಗೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು, ಆಮೇಲೆ ವ್ಯಾಂಕೂವರ್‌ನ ಸಮುದಾಯ ರೇಡಿಯೋದಲ್ಲಿ ಅದೇ ಹೆಸರಿನ ಕಾರ್ಯಕ್ರಮ ನಡೆಸಿದರು. ಇವರಿಗೆ ಭಾರತದ ನಂಟೂ ಇದೆ. 1997ರ ಅವರ ಒಂದು ಕೃತಿ ದೆಹಲಿಯ ಬೀದಿ ವ್ಯಾಪಾರಿಗಳ ಕೂಗಿನ ರೆಕಾರ್ಡಿಂಗ್‌ಗಳಿಂದ ಕಟ್ಟಿದ್ದು.

1975ರಲ್ಲಿ ಈ ತಂಡ ಯೂರೋಪಿಗೆ ಹೋಗಿ ಐದು ದೇಶಗಳಲ್ಲಿ ಒಂದೊಂದು ಹಳ್ಳಿ ಆರಿಸಿಕೊಂಡಿತು: ಸ್ವೀಡನ್ನಿನ ಸ್ಕ್ರೂವ್, ಜರ್ಮನಿಯ ಬಿಸ್ಸಿಂಗೆನ್, ಇಟಲಿಯ ಚೆಂಬ್ರಾ, ಫ್ರಾನ್ಸಿನ ಲೆಸ್ಕೊನಿಲ್, ಸ್ಕಾಟ್ಲೆಂಡಿನ ಡಾಲರ್. ಪ್ರತಿ ಊರಿನಲ್ಲೂ ಅವರು ಮಾಡಿದ್ದು ನಮ್ಮ ಸರ್ವೇ ಕ್ಯಾಂಪಿನಂಥ ಕೆಲಸ. ಚರ್ಚಿನ ಗಂಟೆ ಎಷ್ಟು ದೂರ ಕೇಳಿಸುತ್ತದೆ ಅಂತ ನಡೆದು ನೋಡಿ ನಕ್ಷೆ ಹಾಕಿದರು. ವಾಹನ ಎಣಿಸಿದರು. ಕಾರ್ಖಾನೆಗಳ ಗುಂಯ್‌ಗುಡುವ ಸದ್ದು ಯಾವ ಸ್ವರದಲ್ಲಿದೆ ಅಂತ ಅಳೆದರು. ನಿಮಗೆ ಯಾವ ಸದ್ದು ಇಷ್ಟ, ಯಾವುದು ಇಷ್ಟವಿಲ್ಲ ಅಂತ ಶಾಲೆ ಮಕ್ಕಳನ್ನು ಕೇಳಿದರು. 1977ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು.

ಇದರಲ್ಲಿ ನಮಗೆ ಹೆಚ್ಚು ಹಿಡಿಸುವ ಊರು ಲೆಸ್ಕೊನಿಲ್. ಅದು ಮೀನುಗಾರರ ಹಳ್ಳಿ. ಒಳ್ಳೆ ಹವಾಮಾನದ ದಿನಗಳಲ್ಲಿ ಅಲ್ಲಿ ಗಾಳಿಯ ದಿಕ್ಕು ಸೂರ್ಯನ ಜೊತೆ ತಿರುಗುತ್ತದೆ. ರಾತ್ರಿ ಮತ್ತು ಬೆಳಗಿನ ಜಾವ ನೆಲದ ಕಡೆಯಿಂದ, ಹೊತ್ತು ಏರಿದಂತೆ ಸಮುದ್ರದ ಕಡೆಯಿಂದ. ಗಾಳಿ ಬೀಸುವ ದಿಕ್ಕಿನಲ್ಲಿ ಸದ್ದು ಹೆಚ್ಚು ದೂರ ಬರುತ್ತದಲ್ಲ, ಹಾಗಾಗಿ ಒಂದು ಹೊತ್ತಿನಲ್ಲಿ ಒಳನಾಡಿನ ದೂರದ ಸದ್ದು, ಇನ್ನೊಂದು ಹೊತ್ತಿನಲ್ಲಿ ಕಡಲಿನ ಸದ್ದು ಊರಿಗೆ ಮುಟ್ಟುತ್ತದೆ. ಮೀನುಗಾರರಿಗೆ ಇದು ಮೊದಲೇ ಗೊತ್ತಿತ್ತು. ಸಂಶೋಧಕರು ಬಂದು ಮಾಡಿದ್ದು ಅದನ್ನು ಕಾಗದಕ್ಕೆ ಇಳಿಸಿದ್ದಷ್ಟೇ.

2000ದ ಹೊತ್ತಿಗೆ ಫಿನ್ಲೆಂಡಿನ ಸಂಶೋಧಕರ ನೇತೃತ್ವದಲ್ಲಿ ಇನ್ನೊಂದು ತಂಡ ಅದೇ ಐದು ಹಳ್ಳಿಗಳಿಗೆ ಮತ್ತೆ ಹೋಯಿತು. ಜೊತೆಗೆ ತಮ್ಮ ದೇಶದ ನೌವೊ ಎಂಬ ಆರನೇ ಊರನ್ನೂ ಸೇರಿಸಿಕೊಂಡಿತು. ಇಪ್ಪತ್ತೈದು ವರ್ಷದ ಹಿಂದಿನ ಟೇಪುಗಳು ಕೈಯಲ್ಲಿದ್ದವು, ಆದ್ದರಿಂದ ಹೋಲಿಸಿ ನೋಡಲು ಆಯಿತು. ಆ ಟೇಪುಗಳು ಇಲ್ಲದಿದ್ದರೆ ಊರು ಬದಲಾಗಿದೆ ಅನ್ನುವುದಕ್ಕೆ ಹಿರಿಯರ ನೆನಪು ಬಿಟ್ಟು ಬೇರೆ ಪುರಾವೆಯೇ ಇರುತ್ತಿರಲಿಲ್ಲ.

ಮೂರು ಪದ, ಒಂದು ಬೋರ್‌ವೆಲ್

ಶೇಫರ್ ತಂಡ ಸದ್ದುಗಳನ್ನು ಮೂರು ಗುಂಪು ಮಾಡಿತು. ಒಂದು, ಹಿನ್ನೆಲೆಯಲ್ಲಿ ಸದಾ ಇರುವ, ಆದರೆ ನಾವು ಗಮನಿಸದ ಸದ್ದು. ಸಂಗೀತದಲ್ಲಿ ತಂಬೂರಿ ಇದ್ದ ಹಾಗೆ. ಇದನ್ನು ಶ್ರುತಿ ಸದ್ದು ಅನ್ನಬಹುದು. ಎರಡು, ಗಮನ ಸೆಳೆದು ಏನೋ ಹೇಳುವ ಸದ್ದು, ಅಂದ್ರೆ ಸೂಚನೆ ಸದ್ದು: ಹಾರ್ನ್, ಶಾಲೆಯ ಗಂಟೆ, ಅಜಾನ್. ಮೂರು, ಆ ಊರಿಗೇ ವಿಶಿಷ್ಟವಾದದ್ದು, ಜನ ತಮ್ಮದು ಅಂತ ಹಚ್ಚಿಕೊಂಡದ್ದು. ಅದು ಗುರುತಿನ ಸದ್ದು.

ಈ ವಿಂಗಡಣೆಯನ್ನು ನಮ್ಮ ಬಯಲುಸೀಮೆಯ ಒಂದು ಹಳ್ಳಿಗೆ ಹೊಂದಿಸಿ ನೋಡೋಣ. ರಾತ್ರಿ ಎರಡು ಗಂಟೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವು ಗಂಟೆ ಮಾತ್ರ, ಎಷ್ಟೋ ಕಡೆ ಪಾಳಿ ರಾತ್ರಿಯೇ ಬರುತ್ತದೆ. ಕರೆಂಟ್ ಬಂತು. ಸ್ಟಾರ್ಟರ್ ಪೆಟ್ಟಿಗೆ ಕಟಕ್ ಅನ್ನುತ್ತದೆ. ಪೈಪಿನೊಳಗಿನ ಗಾಳಿ ಬುಸ್ ಅಂತ ಹೊರಗೆ ನುಗ್ಗುತ್ತದೆ. ಆಮೇಲೆ ನೀರು ತೊಟ್ಟಿಗೆ ಧೋ ಅಂತ ಬೀಳುತ್ತದೆ. ಶಿಬಿರಕ್ಕೆ ಬಂದು ಶಾಲೆಯ ಜಗಲಿಯಲ್ಲಿ ಮಲಗಿದ ನಮಗೆ ಅದು ನಿದ್ದೆ ಕೆಡಿಸುವ ಸದ್ದು. ಹೆಚ್ಚೆಂದರೆ ಹಿನ್ನೆಲೆ.

ಆ ಹೊಲದ ರೈತರಿಗೆ ಅದು ಸೂಚನೆ. ಅದರಲ್ಲೂ ಒಂದಲ್ಲ, ಮೂರು ನಾಲ್ಕು. ಕರೆಂಟ್ ಬಂತು ಅನ್ನುವುದು ಮೊದಲನೆಯದು. ನೀರು ತುಂಬಿ ಬೀಳುತ್ತಿದೆಯೋ ಅಥವಾ ಗಾಳಿ ಸೇರಿ ಗೊರಗೊರ ಅಂತ ಬಿಟ್ಟು ಬಿಟ್ಟು ಬರುತ್ತಿದೆಯೋ ಅನ್ನುವುದು ಎರಡನೆಯದು. ಹಾಗೆ ಬಂದರೆ ಬೋರಿನಲ್ಲಿ ನೀರು ಇಳಿದಿದೆ ಅಂತ ಅರ್ಥ, ಮೋಟರು ಸುಟ್ಟುಹೋಗುವ ಮೊದಲು ಎದ್ದು ಹೋಗಬೇಕು. ಪಕ್ಕದ ಹೊಲದ ಮೋಟರು ಶುರುವಾಗಿದ್ದೂ ಕೇಳುತ್ತದೆ. ನಾವು ಫ್ಲೋ ಮೀಟರ್, ಡ್ರೈ ರನ್ ಸೆನ್ಸರ್ ಅಂತ ಪ್ರಾಜೆಕ್ಟ್ ಮಾಡುವ ಕೆಲಸವನ್ನು ಅವರ ಕಿವಿ ಹಾಸಿಗೆಯಲ್ಲೇ ಮಾಡುತ್ತಿರುತ್ತದೆ.

ಅದೇ ಸದ್ದು, ಎರಡು ಅರ್ಥ. ಹೊರಗಿನಿಂದ ಹೋದ ನಾವು ಮೈಕ್ ಹಿಡಿದು ಸುತ್ತಿದರೆ ನವಿಲು, ದೇವಸ್ಥಾನದ ಗಂಟೆ, ಹಸುವಿನ ಕೊರಳ ಗಂಟೆ ರೆಕಾರ್ಡ್ ಮಾಡ್ತೀವಿ. ಬೋರ್‌ವೆಲ್ ಸದ್ದನ್ನು ಅಡ್ಡಿ ಅಂತ ಅಳಿಸ್ತೀವಿ. ಊರಿನವರ ಜೊತೆ ಸೇರಿ ಮಾಡಬೇಕು ಅನ್ನುವುದು ಇದೇ ಕಾರಣಕ್ಕೆ. ಇದು ಬರೀ ಸೌಜನ್ಯದ ಮಾತಲ್ಲ, ಸದ್ದಿನ ಅರ್ಥ ಅವರ ಹತ್ತಿರ ಇದೆ. ಅವರಿಲ್ಲದೆ ಮಾಡಿದರೆ ನಮ್ಮ ಕೈಗೆ ಸಿಗುವುದು ಡೇಟಾ ಮಾತ್ರ, ಲೇಬಲ್ ಇರುವುದಿಲ್ಲ.

ಮೊದಲು ಮೈಕ್ ಇಲ್ಲದೆ ನಡೆಯಿರಿ

ಮೊದಲ ಎರಡು ದಿನ ರೆಕಾರ್ಡರ್ ಹೊರಗೆ ತೆಗೆಯಲೇಬೇಡಿ. ಆರೇಳು ಜನರ ಸಣ್ಣ ಗುಂಪು ಮಾಡಿ. ಅರ್ಧ ನಾವು, ಅರ್ಧ ಊರಿನವರು. ಮುಂದೆ ನಡೆಯುವವರು ಊರಿನವರೇ ಆಗಿರಲಿ, ದಾರಿಯನ್ನೂ ಅವರೇ ಆರಿಸಲಿ. ಇಪ್ಪತ್ತು ನಿಮಿಷ ಮಾತಿಲ್ಲದ ನಡಿಗೆ, ಆಮೇಲೆ ಒಂದು ಕಟ್ಟೆ ಮೇಲೆ ಕೂತು ಮಾತು. ಕೇಳಬೇಕಾದ ಪ್ರಶ್ನೆ ಕೆಲವೇ: ಏನು ಕೇಳಿಸಿತು? ಅದರಿಂದ ನಿಮಗೆ ಏನು ಗೊತ್ತಾಗುತ್ತದೆ? ಈ ಜಾಗದಲ್ಲಿ ಮೊದಲು ಏನು ಕೇಳಿಸುತ್ತಿತ್ತು? ಯಾವ ಸದ್ದು ನಿಂತರೆ ನಿಮಗೆ ಗಾಬರಿ ಆಗುತ್ತದೆ?

ಕೊನೆಯ ಪ್ರಶ್ನೆ ಬಹಳ ಉಪಯೋಗದ್ದು. ಮಗ್ಗದ ಊರಿನಲ್ಲಿ ಪಕ್ಕದ ಮನೆಯ ಮಗ್ಗ ನಿಂತರೆ ನೂಲು ಹರಿದಿರಬಹುದು, ಕರೆಂಟ್ ಹೋಗಿರಬಹುದು, ಕೆಲಸವೇ ಇಲ್ಲದಿರಬಹುದು. ಹಾಲಿನ ಡೈರಿಯ ಮುಂದೆ ಬೆಳಿಗ್ಗೆ ಕ್ಯಾನುಗಳ ಸದ್ದು ಬರದಿದ್ದರೆ ಏನೋ ಎಡವಟ್ಟಾಗಿದೆ ಅಂತ. ನಿಂತ ಸದ್ದು ಕೂಡ ಸುದ್ದಿಯೇ.

ಯಾರ ಜೊತೆ ನಡೆಯುತ್ತೀವಿ ಅನ್ನುವುದರ ಮೇಲೆ ಊರು ಬದಲಾಗುತ್ತದೆ. ಪಂಚಾಯ್ತಿ ಸದಸ್ಯರ ಜೊತೆ ಮಾತ್ರ ನಡೆದರೆ ದೇವಸ್ಥಾನ, ಶಾಲೆ, ಹೊಸ ರಸ್ತೆ ಸಿಗುತ್ತವೆ. ಹೆಂಗಸರ ಜೊತೆ ನಡೆದರೆ ನಲ್ಲಿ ನೀರು ಬರುವ ಹೊತ್ತು, ಹಿಟ್ಟಿನ ಗಿರಣಿಯ ಪಟ್ಟಿಯ ಸದ್ದು, ಸಂಘದ ಸಭೆ ಬರುತ್ತವೆ. ಮಕ್ಕಳ ಜೊತೆ ನಡೆದರೆ ಯಾವ ಮನೆಯ ನಾಯಿ ಯಾವ ಹೆಜ್ಜೆ ಸದ್ದಿಗೆ ಬೊಗಳುತ್ತದೆ ಅನ್ನುವ ಪೂರ್ತಿ ನಕ್ಷೆಯೇ ಸಿಗುತ್ತದೆ. ಕೂಲಿಗೆ ಹೋಗುವವರು ಹಗಲು ಸಿಗುವುದಿಲ್ಲ, ಅವರಿಗಾಗಿ ಸಂಜೆ ಇನ್ನೊಂದು ನಡಿಗೆ ಇಡಿ.

ಇನ್ನೊಂದನ್ನು ನೇರವಾಗಿಯೇ ಹೇಳಬೇಕು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಊರು ಬೇರೆ, ಕೇರಿ ಬೇರೆ. ಸದ್ದಿನ ನಡಿಗೆಯ ದಾರಿ ಎಲ್ಲಿ ತಿರುಗುತ್ತದೆ ಅನ್ನುವುದು ತಾಂತ್ರಿಕ ತೀರ್ಮಾನದ ಹಾಗೆ ಕಾಣುತ್ತದೆ, ಆದರೆ ದಾರಿ ಕೇರಿಯ ಮುಂಚೆಯೇ ತಿರುಗಿದರೆ ಹಳೆಯ ಗೆರೆಯನ್ನೇ ನಾವು ಹೊಸ ಆ್ಯಪಿನಲ್ಲಿ ಮತ್ತೆ ಎಳೆದಂತೆ. ತಮಟೆಯ ವಿಷಯ ನೋಡಿ. ಹಬ್ಬಕ್ಕೂ ಸಾವಿಗೂ ಅದನ್ನು ಬಾರಿಸಲೇಬೇಕು ಅನ್ನುವ ಕಟ್ಟುಪಾಡನ್ನು ಧಿಕ್ಕರಿಸಿ ಬಿಟ್ಟವರಿದ್ದಾರೆ. ಅದೇ ತಮಟೆಯನ್ನು ಹೆಮ್ಮೆಯಿಂದ ವೇದಿಕೆಗೆ ತಂದವರೂ ಇದ್ದಾರೆ. 2023ರಲ್ಲಿ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಹಾಗಾಗಿ ಕೇರಿಗೆ ಹೋದ ತಕ್ಷಣ ತಮಟೆ ಬಾರಿಸಿ, ರೆಕಾರ್ಡ್ ಮಾಡ್ತೀವಿ ಅನ್ನುವುದು ಬೇಡ. ಅಲ್ಲಿನವರು ತಮ್ಮ ಸದ್ದು ಅಂತ ಆರಿಸುವುದು ತಮಟೆ ಇರಬಹುದು, ಅಂಬೇಡ್ಕರ್ ಜಯಂತಿಯ ಹಾಡಿರಬಹುದು, ಮಗಳ ಟೈಲರಿಂಗ್ ಮೆಷಿನ್ ಇರಬಹುದು. ಆರಿಸುವವರು ಅವರು.

ನಕ್ಷೆ ಮತ್ತು ಹೆಸರು

ಎರಡು ದಿನದ ಮಾತುಕತೆ ಆದ ಮೇಲೆ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಹರಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರಿನ ರಸ್ತೆ ಇದ್ದರೆ ಅದನ್ನೇ ಪ್ರಿಂಟ್ ಹಾಕಿಸಬಹುದು, ಇಲ್ಲದಿದ್ದರೆ ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಲ್ಲಿ ಬರೆದರೂ ಆಯಿತು. ಸದ್ದುಗಳನ್ನು ಒಂದೊಂದಾಗಿ ಗುರುತು ಮಾಡಿ. ನಲವತ್ತು ಐವತ್ತು ಬರುತ್ತವೆ. ಅದರಲ್ಲಿ ಎಂಟರಿಂದ ಹನ್ನೆರಡು ಸಾಕು. ಯಾವುದು ಉಳಿಯಬೇಕು ಅಂತ ಎಲ್ಲರೂ ಕಾಳು ಇಟ್ಟು ಮತ ಹಾಕಲಿ. ಆದರೆ ಬಹುಮತ ಒಂದೇ ಸಾಲದು, ಪ್ರತಿ ಬೀದಿಯಿಂದ ಒಂದಾದರೂ ಇರಬೇಕು ಅನ್ನುವ ನಿಯಮ ಮೊದಲೇ ಇಟ್ಟುಕೊಳ್ಳಿ. ಒಂದೂವರೆ ಕಿಲೋಮೀಟರ್ ಒಳಗೆ, ನಲವತ್ತು ನಿಮಿಷದಲ್ಲಿ ಮುಗಿಯುವ ದಾರಿ ಆದರೆ ವಯಸ್ಸಾದವರೂ ನಡೆಯುತ್ತಾರೆ.

ಕನ್ನಡ ಸಂಘಕ್ಕೆ ಇಲ್ಲಿ ವಿಶೇಷ ಕೆಲಸ ಇದೆ. ನಮ್ಮ ಫೋನು ಫೈಲಿಗೆ ಒಂದು ನಂಬರು ಕೊಟ್ಟು ಸುಮ್ಮನಾಗುತ್ತದೆ. ಜನರ ಬಾಯಲ್ಲಿ ಅದಕ್ಕೆ ಹೆಸರಿದೆ. ಹೈಸ್ಕೂಲಿನ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿ ಎರಡು ಅಂಕಕ್ಕೆ ಬರೆದಿದ್ದೀವಿ: ಸರಸರ, ದಬದಬ, ಚಟಚಟ. ಹಳ್ಳಿಯಲ್ಲಿ ಅದು ಪರೀಕ್ಷೆಯ ಪಾಠವಲ್ಲ, ಅಳತೆಯ ಭಾಷೆ. ಮಳೆ ಜಿಟಿಜಿಟಿ ಅಂದರೆ ಒಂದು ಕೆಲಸ, ಧೋ ಅಂದರೆ ಇನ್ನೊಂದು. ಕಾಯಿ ಬಲಿತಿದೆಯಾ ಅಂತ ತಟ್ಟಿ ನೋಡುವಾಗ ಬರುವ ಸದ್ದಿಗೂ ಪದ ಇದೆ. ಪ್ರತಿ ರೆಕಾರ್ಡಿಂಗ್‌ಗೆ ಊರಿನವರು ಹೇಳಿದ ಹೆಸರು, ಹೇಳಿದವರ ಒಪ್ಪಿಗೆ ಇದ್ದರೆ ಅವರ ಹೆಸರು, ದಿನ, ಹೊತ್ತು, ಜಾಗ ಇಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಪ್ಪತ್ತು ವರ್ಷದ ಮೇಲೆ ಧ್ವನಿಗಿಂತ ಈ ಪದಗಳೇ ಹೆಚ್ಚು ಬೆಲೆ ಬಾಳಬಹುದು.

ರೆಕಾರ್ಡಿಂಗ್: ನಮಗೆ ಗೊತ್ತಿರಬೇಕಾದ ಭೌತಶಾಸ್ತ್ರ

ಈಗ ರೆಕಾರ್ಡರ್ ತೆಗೆಯಬಹುದು. ಸ್ಟೀರಿಯೋ ರೆಕಾರ್ಡರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನ್ ಸಾಕು. ಆದರೆ ಫೋನಿನ ಮಾಮೂಲಿ ವಾಯ್ಸ್ ರೆಕಾರ್ಡರ್ ಬೇಡ. ಅದು ಮನುಷ್ಯನ ಮಾತಿಗಾಗಿ ಮಾಡಿದ್ದು. ಅದರ ನಾಯ್ಸ್ ಸಪ್ರೆಷನ್‌ಗೆ ಮಳೆ, ಜೀರುಂಡೆ, ಗಿರಣಿ ಎಲ್ಲವೂ ಕಸ, ತೆಗೆದು ಹಾಕುತ್ತದೆ. ಆಟೋ ಗೇನ್ ಇನ್ನೊಂದು ತೊಂದರೆ: ಸುತ್ತ ನಿಶ್ಶಬ್ದ ಇದ್ದಾಗ ಅದು ಗೇನ್ ಏರಿಸುತ್ತದೆ, ಹಾಗಾಗಿ ನಡುರಾತ್ರಿಯ ಹೊಲವೂ ಸಂತೆಯಷ್ಟೇ ಜೋರಾಗಿ ಕೇಳಿಸುತ್ತದೆ. ಇವೆರಡನ್ನೂ ಆಫ್ ಮಾಡಲು ಬಿಡುವ ಆ್ಯಪ್ ಬಳಸಿ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫಾರ್ಮ್ಯಾಟ್. ಅತಿ ಜೋರಾದ ಸದ್ದು ಮೈನಸ್ 12 ಡೆಸಿಬಲ್ ಹತ್ತಿರ ಇರುವಂತೆ ಲೆವೆಲ್ ಇಡಿ.

ಗಾಳಿ ಬಯಲಿನ ದೊಡ್ಡ ಶತ್ರು. ಮೈಕಿಗೆ ನೇರ ಬಡಿಯುವ ಗಾಳಿ ಗುಡುಗಿನ ಹಾಗೆ ಕೇಳಿಸುತ್ತದೆ. ತುಪ್ಪಳದ ಕವಚ ಕೊಳ್ಳಲು ದುಡ್ಡಿಲ್ಲದಿದ್ದರೆ ಉಣ್ಣೆಯ ಟೋಪಿ ತೊಡಿಸಿ. ಉಳಿದದ್ದನ್ನು ಆಡಾಸಿಟಿಯಲ್ಲಿ 80 ಅಥವಾ 100 ಹರ್ಟ್ಸ್‌ನ ಹೈ ಪಾಸ್ ಫಿಲ್ಟರ್ ಹಾಕಿ ಕಡಿಮೆ ಮಾಡಬಹುದು. ಮೈಕನ್ನು ಎಲ್ಲಿಡಬೇಕು ಅನ್ನುವುದಕ್ಕೆ ಹಳೆಯ ಸೂತ್ರವೇ ಸಾಕು: ಬಯಲಿನಲ್ಲಿ ಒಂದು ಬಿಂದುವಿನಿಂದ ಬರುವ ಸದ್ದು ದೂರ ಎರಡರಷ್ಟಾದಾಗ 6 ಡೆಸಿಬಲ್ ಇಳಿಯುತ್ತದೆ. 4 ಮೀಟರ್‌ನಿಂದ 2ಕ್ಕೆ ಬಂದರೆ 6 ಡೆಸಿಬಲ್ ಲಾಭ, 1ಕ್ಕೆ ಬಂದರೆ 12. ಸಣ್ಣ ಸದ್ದು ಬೇಕಾದರೆ ಗೇನ್ ತಿರುಗಿಸಬೇಡಿ, ಹತ್ತಿರ ಹೋಗಿ. ಹತ್ತಿರ ಹೋಗಬೇಕಾದರೆ ಕೆಲಸ ಮಾಡುತ್ತಿರುವವರನ್ನು ಕೇಳಬೇಕು, ಅದೂ ಒಳ್ಳೆಯದೇ.

ಹೊತ್ತು ಕೂಡ ಮುಖ್ಯ. ಹಗಲು ನೆಲ ಕಾದು, ಮೇಲೆ ಹೋದಂತೆ ಗಾಳಿ ತಣ್ಣಗಿರುತ್ತದೆ, ಸದ್ದು ಮೇಲಕ್ಕೆ ಬಾಗಿ ಕಳೆದುಹೋಗುತ್ತದೆ. ಮೋಡವಿಲ್ಲದ ರಾತ್ರಿ ಇದು ತಿರುಗಾಮುರುಗಾ. ನೆಲ ಬೇಗ ತಣಿಯುತ್ತದೆ, ಮೇಲಿನ ಗಾಳಿ ಬೆಚ್ಚಗಿರುತ್ತದೆ, ಸದ್ದು ಕೆಳಕ್ಕೆ ಬಾಗಿ ದೂರದವರೆಗೆ ಹರಿಯುತ್ತದೆ. ಬೆಳಗಿನ ಜಾವ ದೂರದ ರೈಲು, ಪಕ್ಕದ ಊರಿನ ಸುಪ್ರಭಾತ ಕಿವಿಯ ಹತ್ತಿರ ಬಂದ ಹಾಗೆ ಕೇಳಿಸುವುದಕ್ಕೆ ನಿಶ್ಶಬ್ದದ ಜೊತೆ ಈ ವಕ್ರೀಭವನವೂ ಕಾರಣ. ನಡುಹಗಲಿನಲ್ಲಿ ಒಂದು ಊರಿನ ಕಿವಿಯ ಸರಹದ್ದು ಚಿಕ್ಕದು, ಬೆಳಗಿನ ಜಾವ ದೊಡ್ಡದು. ಒಂದೇ ಜಾಗದಲ್ಲಿ ಎರಡು ಹೊತ್ತು ರೆಕಾರ್ಡ್ ಮಾಡಿದರೆ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಸದ್ದನ್ನು ಜಾಗಕ್ಕೆ ಅಂಟಿಸುವುದು

ಫೋನು ಪ್ರತಿ ಸೆಕೆಂಡಿಗೆ ತಾನಿರುವ ಅಕ್ಷಾಂಶ ರೇಖಾಂಶ ಓದುತ್ತದೆ. ಪ್ರತಿ ಸದ್ದಿನ ಜಾಗದಿಂದ ಎಷ್ಟು ದೂರ ಇದೆ ಅಂತ ಹಾವರ್ಸೈನ್ ಸೂತ್ರದಲ್ಲಿ ಲೆಕ್ಕ ಹಾಕುತ್ತದೆ. ದೂರ ಇಟ್ಟುಕೊಂಡ ಮಿತಿಗಿಂತ ಕಡಿಮೆಯಾದರೆ ಸದ್ದು ಶುರು. ಇಷ್ಟೇ. ಸಿದ್ಧ ಆ್ಯಪ್‌ಗಳೂ ಇವೆ, ಎರಡನೇ ವರ್ಷದ ವಿದ್ಯಾರ್ಥಿಗಳು ಮಿನಿ ಪ್ರಾಜೆಕ್ಟ್ ಆಗಿ ಬರೆಯಲೂಬಹುದು.

ಎಡವುವ ಜಾಗ ಮೂರು. ಒಂದು, ತೆರೆದ ಆಕಾಶದಡಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಆಲದ ಮರದ ಕೆಳಗೆ, ಓಣಿಯಲ್ಲಿ ಇನ್ನೂ ಹೆಚ್ಚು. ಹಾಗಾಗಿ ವೃತ್ತದ ತ್ರಿಜ್ಯ 15 ಮೀಟರ್‌ಗಿಂತ ಕಡಿಮೆ ಇಡಬೇಡಿ, ಎದುರು ಬದುರು ಮನೆಗಳಿಗೆ ಬೇರೆ ಬೇರೆ ಸದ್ದು ಕೊಡುವ ಆಸೆ ಬಿಡಿ. ಎರಡು, ಗಡಿಯ ಮೇಲೆ ನಿಂತವರಿಗೆ ಸದ್ದು ಬಂದು ಹೋಗಿ ಬಂದು ಹೋಗಿ ಆಗುತ್ತದೆ. ಪರಿಹಾರ ನಮಗೆ ಶ್ಮಿಟ್ ಟ್ರಿಗರ್ ಪಾಠದಲ್ಲೇ ಇದೆ: 15 ಮೀಟರ್‌ಗೆ ಶುರು, 22 ಮೀಟರ್‌ಗೆ ನಿಲುಗಡೆ. ಮೂರು, ನಡಿಗೆಯ ವೇಗ. ಸೆಕೆಂಡಿಗೆ 1.2 ಮೀಟರ್ ನಡೆದರೆ 30 ಮೀಟರ್ ಅಗಲದ ವೃತ್ತ 25 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಎರಡು ನಿಮಿಷದ ಮಾತು ಅರ್ಧಕ್ಕೇ ತುಂಡಾಗುತ್ತದೆ. ಉದ್ದದ ಮಾತುಗಳನ್ನು ಕೂರಲು ಜಾಗ ಇರುವ ಕಡೆ ಇಡಿ: ಅರಳಿಕಟ್ಟೆ, ಬಸ್ ಸ್ಟಾಪ್, ದೇವಸ್ಥಾನದ ಜಗಲಿ. ನಡೆಯುತ್ತಾ ಕೇಳುವುದಕ್ಕೆ ಚಿಕ್ಕ ಸದ್ದು ಸಾಕು.

ನೆಟ್‌ವರ್ಕ್ ನಂಬಬೇಡಿ. ಮೇಲಿನ ಫಾರ್ಮ್ಯಾಟಿನಲ್ಲಿ ಸ್ಟೀರಿಯೋ ಆಡಿಯೋ ನಿಮಿಷಕ್ಕೆ ಸುಮಾರು 17 ಎಂಬಿ. ಹತ್ತು ಜಾಗ, ತಲಾ ಎರಡು ನಿಮಿಷ ಅಂದರೆ 345 ಎಂಬಿ ಹತ್ತಿರ. ಅದನ್ನೇ 128 ಕೆಬಿಪಿಎಸ್ ಎಂಪಿ3 ಮಾಡಿದರೆ 20 ಎಂಬಿ ಒಳಗೆ ಬರುತ್ತದೆ. ಮೂಲ ಫೈಲು ಸಂಗ್ರಹಕ್ಕೆ, ಎಂಪಿ3 ನಡಿಗೆಗೆ. ಶಾಲೆಯಲ್ಲೋ ಪಂಚಾಯ್ತಿ ಗ್ರಂಥಾಲಯದಲ್ಲೋ ಮೊದಲೇ ಡೌನ್‌ಲೋಡ್ ಮಾಡಿಕೊಂಡು ಹೊರಡುವ ಹಾಗಿರಬೇಕು.

ಹೆಡ್‌ಫೋನಿನ ಬಗ್ಗೆ ಒಂದು ಮಾತು. ಎರಡೂ ಕಿವಿ ಮುಚ್ಚಿಕೊಂಡು ಹಳ್ಳಿ ರಸ್ತೆಯಲ್ಲಿ ನಡೆಯುವುದು ಅಪಾಯ, ಟ್ರ್ಯಾಕ್ಟರ್ ಹಿಂದಿನಿಂದಲೇ ಬರುತ್ತದೆ. ಒಂದೇ ಕಿವಿಗೆ ಹಾಕಿಕೊಳ್ಳಿ. ಆಗ ಇವತ್ತಿನ ಸದ್ದು ಒಂದು ಕಿವಿಯಲ್ಲಿ, ರೆಕಾರ್ಡಿಂಗ್ ಇನ್ನೊಂದರಲ್ಲಿ. ನಡಿಗೆಯ ನಿಜವಾದ ಸ್ವಾರಸ್ಯ ಇರುವುದೇ ಈ ಎರಡರ ನಡುವೆ. ಇನ್ನು ಸ್ಮಾರ್ಟ್‌ಫೋನ್ ಇಲ್ಲದವರನ್ನು ಬಿಡಬಾರದು. ಕೊನೆಯ ಸಂಜೆ ಒಂದು ಸ್ಪೀಕರ್ ಹೊತ್ತುಕೊಂಡು ಅದೇ ದಾರಿಯಲ್ಲಿ ಎಲ್ಲರೂ ಒಟ್ಟಿಗೆ ನಡೆದರೆ ಆ್ಯಪ್ ಬೇಕೇ ಆಗುವುದಿಲ್ಲ.

ಯಾವುದನ್ನು ರೆಕಾರ್ಡ್ ಮಾಡಬಾರದು

ಫೋಟೋ ತೆಗೆಯುವಾಗ ಕ್ಯಾಮೆರಾ ಕಾಣುತ್ತದೆ, ಬೇಡ ಅನ್ನುವವರು ಮುಖ ತಿರುಗಿಸಬಹುದು. ಕಿವಿಗೆ ಆ ರಕ್ಷಣೆ ಇಲ್ಲ. ಬೀದಿಯಲ್ಲಿ ಇಟ್ಟ ಮೈಕು ಒಳಮನೆಯ ಜಗಳವನ್ನೂ ಹಿಡಿಯುತ್ತದೆ, ಸಾಲ ಕೊಟ್ಟವರ ಫೋನನ್ನೂ ಹಿಡಿಯುತ್ತದೆ. ನಿಯಮ ಸರಳವಾಗಿರಲಿ. ಮಾತು ಅರ್ಥವಾಗುವ ಹಾಗೆ ರೆಕಾರ್ಡ್ ಆಗಿದ್ದರೆ ಆ ವ್ಯಕ್ತಿಗೆ ಕೇಳಿಸಿ, ಒಪ್ಪಿಗೆ ಪಡೆಯಿರಿ. ಎಡಿಟ್ ಆದ ಮೇಲೆ ಮತ್ತೊಮ್ಮೆ ಕೇಳಿಸಿ. ಮಕ್ಕಳಾದರೆ ಅಪ್ಪ ಅಮ್ಮನ ಒಪ್ಪಿಗೆ. ಸಾವಿನ ಮನೆ, ಆಸ್ಪತ್ರೆ, ಜಗಳ ಬೇಡವೇ ಬೇಡ. ಇಂದು ಒಪ್ಪಿದವರು ನಾಳೆ ತೆಗೆಯಿರಿ ಅಂದರೆ ತೆಗೆಯಬೇಕು, ಅದಕ್ಕೆ ಊರಿನವರೇ ಒಬ್ಬರಿಗೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಬನ್ನಿ. ಹಾಡಿದವರ ಹೆಸರನ್ನು ಹಾಡಿನ ಜೊತೆಗೇ ಹಾಕಿ; ಜಾನಪದ ಅಂತ ಬರೆದು ಹೆಸರು ಬಿಡುವುದು ನಮ್ಮಲ್ಲಿ ಹಳೆಯ ಚಾಳಿ.

ಮೋಟರ್ ಸದ್ದು ಅಳಿಸಬೇಡಿ

ಎಡಿಟಿಂಗ್‌ಗೆ ಕೂತಾಗ ಒಂದು ಆಸೆ ಬರುತ್ತದೆ: ಬೈಕು, ಡಿಜೆ, ಕಸದ ಗಾಡಿಯ ಹಾಡು ಎಲ್ಲ ತೆಗೆದು ಬರೀ ಹಕ್ಕಿ, ಗಂಟೆ, ಮಳೆ ಇರುವ ಹಳ್ಳಿ ಮಾಡೋಣ ಅಂತ. ಕೇಳಲು ಚೆಂದ ಇರುತ್ತದೆ. ಆದರೆ ಅಂಥ ಹಳ್ಳಿ ಎಲ್ಲೂ ಇಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಪದಗಳು ಕಡಿಮೆಯಾಗಿದ್ದು ಹಿಟ್ಟಿನ ಗಿರಣಿ ಬಂದ ಮೇಲೆ, ನಿಜ. ಆದರೆ ಬೆಳಗಿನ ಜಾವಕ್ಕೆ ಎದ್ದು ಗಂಟೆಗಟ್ಟಲೆ ಬೀಸುವ ಕಷ್ಟವೂ ಅದರ ಜೊತೆಗೇ ಹೋಯಿತು. ಗಿರಣಿಯ ಮುಂದೆ ನಿಂತು ಒಂದು ಕಿವಿಯಲ್ಲಿ ಈಗಿನ ಪಟ್ಟಿಯ ಪಟಪಟ, ಇನ್ನೊಂದರಲ್ಲಿ ಅಜ್ಜಿಯೊಬ್ಬರು ನೆನಪಿನಿಂದ ಹಾಡಿದ ಪದ ಕೇಳಿದರೆ ಎರಡೂ ಅರ್ಥವಾಗುತ್ತವೆ, ಕಳೆದದ್ದೂ ಸಿಕ್ಕಿದ್ದೂ. ಗಿರಣಿಯನ್ನು ಮ್ಯೂಟ್ ಮಾಡಿದರೆ ಉಳಿಯುವುದು ನಮ್ಮ ಹಂಬಲ ಮಾತ್ರ.

ಏಳು ದಿನದ ಲೆಕ್ಕ

ಮೊದಲ ಎರಡು ದಿನ ಮೈಕಿಲ್ಲದ ನಡಿಗೆ. ಮೂರನೇ ದಿನ ನಕ್ಷೆ, ಮತ. ನಾಲ್ಕು ಮತ್ತು ಐದನೇ ದಿನ ರೆಕಾರ್ಡಿಂಗ್. ಊರಿನ ಹುಡುಗ ಹುಡುಗಿಯರ ಕೈಗೂ ರೆಕಾರ್ಡರ್ ಕೊಡಿ, ಅವರಿಗೆ ಸಿಗುವ ಸದ್ದು ನಮಗೆ ಸಿಗುವುದಿಲ್ಲ. ಆರನೇ ದಿನ ಎಡಿಟಿಂಗ್, ಒಪ್ಪಿಗೆ ಪಡೆದವರಿಗೆ ಮತ್ತೆ ಕೇಳಿಸುವುದು, ಜಿಪಿಎಸ್ ಪರೀಕ್ಷೆ. ಏಳನೇ ಸಂಜೆ ಎಲ್ಲರ ನಡಿಗೆ. ಹೊರಡುವ ಮೊದಲು ಎರಡು ಪೆನ್ ಡ್ರೈವ್: ಒಂದು ಶಾಲೆಗೆ, ಒಂದು ಗ್ರಂಥಾಲಯಕ್ಕೆ. ನೋಟ್‌ಬುಕ್ಕಿನ ಜೆರಾಕ್ಸ್ ಕೂಡ.

ಶಿಬಿರಕ್ಕೇ ಕಾಯಬೇಕಂತಿಲ್ಲ. ನಮ್ಮಲ್ಲಿ ಬಹಳ ಜನ ಹಳ್ಳಿಯಿಂದಲೇ ಬಂದು ಹಾಸ್ಟೆಲಿನಲ್ಲಿ ಇರುವವರು. ದೀಪಾವಳಿ ರಜೆಗೆ ಊರಿಗೆ ಹೋದಾಗ ಒಂದು ಬೆಳಿಗ್ಗೆ ಅಪ್ಪನ ಹಿಂದೆ ಹೊಲದವರೆಗೆ, ಅಥವಾ ಅಮ್ಮನ ಜೊತೆ ಡೈರಿಯವರೆಗೆ ಸುಮ್ಮನೆ ನಡೆದು, ಆಮೇಲೆ ಏನು ಕೇಳಿಸಿತು ಅಂತ ಅವರನ್ನು ಕೇಳಿ. ನಾವು ಹುಟ್ಟಿ ಬೆಳೆದ ಊರಾದರೂ ಅವರು ಹೇಳುವ ಪಟ್ಟಿ ನಮ್ಮ ಪಟ್ಟಿಗಿಂತ ಬೇರೆ ಇರುತ್ತದೆ.

ಯೂರೋಪಿನ ಆ ಹಳ್ಳಿಗಳಿಗೆ ಇಪ್ಪತ್ತೈದು ವರ್ಷ ಬಿಟ್ಟು ಇನ್ನೊಂದು ತಂಡ ಹೋಗಲು ಆದದ್ದು ಮೊದಲಿನವರು ಟೇಪು, ನಕ್ಷೆ, ಟಿಪ್ಪಣಿ ಬಿಟ್ಟು ಹೋಗಿದ್ದರಿಂದ. ಕಾಲು ಶತಮಾನದ ನಂತರ ಯಾವುದೋ ಬ್ಯಾಚಿನ ವಿದ್ಯಾರ್ಥಿಗಳು ನಮ್ಮ ಶಿಬಿರದ ಊರಿಗೆ ಹೋದರೆ ಅವರಿಗೂ ಹೋಲಿಸಲು ಏನಾದರೂ ಸಿಗಬೇಕು. ಮುಂದಿನ ಶಿಬಿರದ ಸಾಮಾನಿನ ಪಟ್ಟಿಯಲ್ಲಿ ಸನಿಕೆ, ಗುದ್ದಲಿ, ಬ್ಯಾನರ್ ಜೊತೆ ಒಂದು ರೆಕಾರ್ಡರ್, ಒಂದು ಉಣ್ಣೆ ಟೋಪಿ, ಒಂದು ನೋಟ್‌ಬುಕ್ ಸೇರಿಸಿಕೊಳ್ಳೋಣ. ರೆಕಾರ್ಡರ್ ಮೂರನೇ ದಿನದವರೆಗೆ ಚೀಲದಲ್ಲೇ ಇರಲಿ.